ಉಟ್ಟದ್ದು, ತೊಟ್ಟದ್ದು

ನನ್ನ ಮೇಜಿನ ಕಂಪ್ಯೂಟರಿನಲ್ಲಿ ಒಂದು ಗೊಂಬೆ ಎರಡೂ ಕೈ ಚಾಚಿ ನಿಂತಿತ್ತು. ಕಣ್ಣು ಮೂಗು ಇನ್ನೂ ಮೂಡಿರಲಿಲ್ಲ, ಮೈಯೆಲ್ಲ ಬೂದಿಯ ಬಣ್ಣ. ದರ್ಜಿಯ ಮುಂದೆ ಅಳತೆ ಕೊಡಲು ನಿಂತ ಹೆಂಗಸಿನ ಹಾಗೆ, ಯಾರಾದರೂ ಬಂದು ‘ಆಯಿತು, ಕೈ ಇಳಿಸಮ್ಮ’ ಎನ್ನುವವರೆಗೆ ಅದು ಕದಲುವಂತೆ ಕಾಣಲಿಲ್ಲ. ಆ ವರ್ಷ ನನ್ನ ಪಾಲಿಗೆ ಬಂದ ಅರ್ಜಿಗಳಲ್ಲಿ ಹೆಚ್ಚಿನವು ಇಂಥ ಗೊಂಬೆಗಳವೇ.

ನಾನಾಗ ಪೇಟೆಂಟ್ ಕಚೇರಿಯಲ್ಲಿ ಪರೀಕ್ಷಕಿ. ‘ಇದನ್ನು ನಾನು ಹೊಸದಾಗಿ ಕಂಡುಹಿಡಿದೆ, ಇದರ ಹಕ್ಕು ನನಗೆ ಕೊಡಿ’ ಎಂದು ಯಾರಾದರೂ ಅರ್ಜಿ ಹಾಕಿದರೆ, ಅದು ನಿಜಕ್ಕೂ ಹೊಸದೇ, ಬೇರೆ ಯಾರಾದರೂ ಮೊದಲೇ ಮಾಡಿದ್ದಾರೆಯೇ ಎಂದು ಹುಡುಕಿ ನೋಡುವುದು ನನ್ನ ಕೆಲಸ. ಹಗಲು ಟೆಲಿಫೋನ್ ಕಚೇರಿಯಲ್ಲಿ ದುಡಿದು, ರಾತ್ರಿ ತರಗತಿಗಳಲ್ಲಿ ಕಲಿತು, ಓರಗೆಯವರ ಮಕ್ಕಳು ಶಾಲೆ ಮುಗಿಸುವ ಹೊತ್ತಿಗೆ ನಾನು ಪದವಿ ಪಡೆದವಳು. ತಡವಾಗಿ ಕಲಿತವರಿಗೆ ಅಕ್ಷರದ ವಿಷಯದಲ್ಲಿ ಒಂದು ಬಗೆಯ ಜಿಪುಣತನ. ಒಂದನ್ನೂ ಹಾಗೇ ಬಿಟ್ಟು ಮುಂದೆ ಹೋಗಲು ಮನಸ್ಸು ಬಾರದು.

ವಿಶಾಲಾಕ್ಷಿ ಬಣಗಾರ ಎಂಬಾಕೆಯ ಅರ್ಜಿ ತೆಳ್ಳಗಿತ್ತು. ಆಕೆ ಎಂಜಿನಿಯರಿಂಗ್ ಓದಿದವಳು. ಮನೆತನದ ಸೀರೆ ಅಂಗಡಿಯನ್ನು ಕಂಪ್ಯೂಟರಿನೊಳಗಿನ ಲೋಕಕ್ಕೆ ಸಾಗಿಸಿದ್ದಳು. ಆ ಲೋಕದಲ್ಲೂ ಪೇಟೆಯಿದೆ, ಬೀದಿಯಿದೆ. ನಾವು ಮನೆಯಲ್ಲೇ ಕುಳಿತು ನಮ್ಮ ಬದಲಿಗೆ ಒಂದು ಗೊಂಬೆಯನ್ನು ಅಲ್ಲಿ ಓಡಾಡಲು ಬಿಡುತ್ತೇವೆ. ಅದಕ್ಕೆ ಅವತಾರ ಎಂದೇ ಹೆಸರು. ಬಟ್ಟೆ ಅವತಾರದ ಮೈಮೇಲೆ ಹೇಗೆ ಕಾಣುತ್ತದೆ ಎಂದು ನೋಡಿ, ಒಪ್ಪಿಗೆಯಾದರೆ ನಿಜವಾದ ಬಟ್ಟೆಯನ್ನು ಮನೆಗೆ ತರಿಸಿಕೊಳ್ಳಬಹುದು. ಹಾಗೆ ನೋಡುವ ಹೊಸ ವಿಧಾನವೊಂದನ್ನು ತಾನು ಕಂಡುಕೊಂಡಿದ್ದೇನೆ ಎಂಬುದು ಆಕೆಯ ಹೇಳಿಕೆ.

ಅದಕ್ಕೆ ಒಂದು ದೊಡ್ಡ ಕಂಪನಿ ತಕರಾರು ಹಾಕಿತು. ಅವತಾರಕ್ಕೆ ಬಟ್ಟೆ ತೊಡಿಸುವ ಪೇಟೆಂಟ್ ತಮ್ಮಲ್ಲಿ ಮೊದಲಿನಿಂದಲೇ ಇದೆ, ಈಕೆ ಹೇಳುತ್ತಿರುವುದೂ ಅದನ್ನೇ, ಎಂದು ಅವರ ವಾದ. ಅದು ನಿಂತರೆ ವಿಶಾಲಾಕ್ಷಿಯ ಅರ್ಜಿ ಬೀಳುವುದರ ಜೊತೆಗೆ ಕಟ್ಟಿದ ಅಂಗಡಿಯನ್ನೂ ಆಕೆ ಮುಚ್ಚಬೇಕು. ಇನ್ನೊಬ್ಬರದನ್ನು ಕದ್ದವಳು ಎಂಬ ಹೆಸರು ಬೇರೆ.

ಎರಡೂ ಕಡೆಯ ಕಾಗದಗಳನ್ನು ಸಾಲು ಸಾಲಾಗಿ ಓದಿದೆ. ಧರಿಸುವುದು ಎನ್ನಲು ಎರಡರಲ್ಲೂ ಇದ್ದದ್ದು ‘ವೇರ್’ ಎಂಬ ಒಂದೇ ಇಂಗ್ಲಿಷ್ ಪದ. ಮೈಯ ಅಳತೆಯನ್ನು ಹೇಗೆ ಪಡೆಯುತ್ತೇವೆ ಎಂದು ಕಂಪನಿಯವರು ಪುಟಗಟ್ಟಲೆ ವಿವರಿಸಿದ್ದರು. ಈಕೆಯದರಲ್ಲಿ ಅಳತೆಯ ಸುದ್ದಿಯೇ ಇಲ್ಲ. ಗಿರಾಕಿ ಮನೆಯಲ್ಲಿ ಯಾವುದಾದರೂ ಬಟ್ಟೆಯನ್ನು ಕ್ಯಾಮೆರಾದ ಮುಂದೆ ಒಮ್ಮೆ ಹಾಕಿ ತೋರಿಸಬೇಕು, ಅಷ್ಟೇ. ‘ಮೊದಲೇ ತಿಳಿದಿರುವ ವಿಧಾನ; ಮೈಯಳತೆಯ ವಿವರವೂ ಇಲ್ಲ’ ಎಂದು ನನ್ನ ವರದಿಯಲ್ಲಿ ಬರೆದೆ. ಕಾಗದ ಹೇಳಿದ್ದು ಅಷ್ಟನ್ನೇ.

ವಿಚಾರಣೆ ನಡೆಸಿ ತೀರ್ಮಾನ ಕೊಡುವವರು ನಮ್ಮ ಹಿರಿಯ ಅಧಿಕಾರಿ ವಾಮನರಾಯರು. ಕಂಪನಿಯ ಪರವಾಗಿ ಕಾರ್ತಿಕೇಯ ಎಂಬ ಎಳೆಯ ವಕೀಲ ಬಂದಿದ್ದ. ವಿಶಾಲಾಕ್ಷಿ ಒಬ್ಬಳೇ ಬಂದಿದ್ದಳು. ತನ್ನ ವಿಧಾನವನ್ನು ಓಡಿಸಿ ತೋರಿಸಿದರೆ ಸಾಕು, ವಾದ ಬೇಕಿಲ್ಲ ಎಂದುಕೊಂಡಿದ್ದಳು. ಆದರೆ ಗೋಡೆಯ ಪರದೆಯ ಮೇಲೆ ಅದೇ ಬೂದಿ ಗೊಂಬೆ ಕೈ ಚಾಚಿ ನಿಂತದ್ದು ನಿಂತೇ ಇತ್ತು. ಬಟ್ಟೆ ಬರಲಿಲ್ಲ.

“ಏನಮ್ಮ, ನಿಮ್ಮ ಅವತಾರ ಮೈ ಮುಚ್ಕೊಳ್ಳೋ ಲಕ್ಷಣ ಕಾಣಿಸ್ತಿಲ್ಲ,” ಎಂದರು ರಾಯರು.

“ನಿಮ್ಮ ಕಚೇರಿ ನೆಟ್ ಹಂಗೈತ್ರಿ ಸಾಹೇಬ್ರ. ನಮ್ಮೂರಾಗ ಛಲೋ ಓಡತಿತ್ತು.”

“ಊರಲ್ಲಿ ಎಲ್ಲಾನೂ ಚೆನ್ನಾಗೇ ಓಡುತ್ತೆ,” ಎಂದ ಕಾರ್ತಿಕೇಯ.

“ಹೂನ್ರಿ. ಅಲ್ಲಿ ವಕೀಲರು ಕಡಿಮಿ.”

ರಾಯರು ಕೆಮ್ಮಿದರು. ಕಾರ್ತಿಕೇಯ ಎದ್ದು ಕೋಟು ಸರಿಪಡಿಸಿಕೊಂಡ. “ಸರ್, ತೋರಿಸೋಕೆ ಏನೂ ಇಲ್ಲ. ಒಂದು ಮೈ, ಒಂದು ಬಟ್ಟೆ, ಮೈಮೇಲೆ ಬಟ್ಟೆ. ನಾವು ಅಂಗಿ ತೊಡಿಸ್ತೀವಿ, ಇವರು ಸೀರೆ ತೊಡಿಸ್ತಾರೆ. ವಿಧಾನ ಒಂದೇ.”

ವಿಶಾಲಾಕ್ಷಿ ನಿಧಾನವಾಗಿ ಅವನ ಕಡೆ ತಿರುಗಿದಳು. “ಏನ್ ತೊಡಸ್ತೀನಂದ್ರಿ?”

“ಸೀರೆ.”

“ನಿಮ್ಮ ಮನ್ಯಾಗ ಸೀರಿ ತೊಡ್ತಾರೇನ್ರಿ?”

“ಉಡ್ತಾರೆ ಅಂತಿಟ್ಕೊಳ್ಳಿ. ಮಾತಿನ ವ್ಯತ್ಯಾಸ ಅಷ್ಟೇ.”

ಬರೆದುಕೊಳ್ಳುತ್ತಿದ್ದ ನನ್ನ ಪೆನ್ನು ನಿಂತಿತು. ಕುಪ್ಪಸ ತೊಡುತ್ತೇವೆ, ಬಳೆ ತೊಡುತ್ತೇವೆ, ಹೂ ಮುಡಿಯುತ್ತೇವೆ, ಸೀರೆ ಉಡುತ್ತೇವೆ. ಮಾತು ಕಲಿಯುವ ಮಗುವೂ ಇದನ್ನು ತಪ್ಪುವುದಿಲ್ಲ. ಆ ಇಂಗ್ಲಿಷ್ ಪದ ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿಟ್ಟಿತ್ತು.

“ಅರ್ಜಿಯಲ್ಲಿ ನೀವೇ ಆ ಪದ ಬರೆದಿದ್ದೀರಲ್ಲಮ್ಮ,” ಎಂದರು ರಾಯರು.

“ನಾನ ಬರ್ದೀನ್ರಿ. ಕಾನೂನಿನ ಅರ್ಜಿ ಅಂದಮ್ಯಾಲ ಎಲ್ಲಾರೂ ಬರಿಯೂ ಪದಾನ ಬರೀಬೇಕು ಅನ್ಕೊಂಡೆ. ಕಂಪನಿ ಅರ್ಜಿ ಮುಂದಿಟ್ಕೊಂಡು, ಹಂಗ ಬರ್ದೆ.”

“ಒಪ್ಪಿಕೊಂಡ್ರಲ್ಲ,” ಎಂದ ಕಾರ್ತಿಕೇಯ.

ಆಕೆ ಮೇಜಿನ ಮೇಲಿದ್ದ ಕಡತಗಳನ್ನು ಬದಿಗೆ ಸರಿಸಿ, ಲೋಟವನ್ನು ನನ್ನ ಕೈಗೆ ಕೊಟ್ಟು, ಮೇಜಿಗೆ ಹಾಸಿದ್ದ ಹಸಿರು ಬಟ್ಟೆಯನ್ನು ಎಳೆದು ಅವನ ಮುಂದೆ ಹಿಡಿದಳು. “ತಗೋರಿ ವಕೀಲರ. ತೊಟ್ಕೋರಿ.”

ರಾಯರು ತಡೆಯಲಿಲ್ಲ. ಕಾರ್ತಿಕೇಯ ಬಟ್ಟೆಯನ್ನು ಬಿಡಿಸಿದ, ತಿರುಗಿಸಿದ, ಅಂಚು ಹಿಡಿದು ಮತ್ತೆ ತಿರುಗಿಸಿದ. “ಇದಕ್ಕೆ ತೋಳೆಲ್ಲಿದೆ...” ಎಂದವನು ತನ್ನ ಮಾತು ತನಗೇ ಕೇಳಿಸಿ ಬಟ್ಟೆಯನ್ನು ತೋಳಿನ ಮೇಲೆ ಹಾಕಿಕೊಂಡ.

“ಅದನ್ನ ನಾ ಹೇಳೂದು,” ಎಂದಳು ವಿಶಾಲಾಕ್ಷಿ. “ತೋಳಿಲ್ಲ, ಕುತ್ತಿಗಿ ಇಲ್ಲ, ಅಳತಿ ಇಲ್ಲ. ನೀವು ಹೆಂಗ ಸುತ್ಕೋತೀರಿ, ಅದ ಅದರ ಆಕಾರ. ಕಂಪನಿಯವರು ಗಿರಾಕಿ ಮೈ ನೋಡ್ತಾರ್ರಿ. ನಾ ಮಾಡಿದ್ದು ಕೈ ನೋಡ್ತೈತಿ. ಮನ್ಯಾಗ ಒಂದು ಚಾದರಾನ ಉಟ್ಟು ತೋರಸ್ಲಿ, ಸಾಕು. ಎಡಕ್ಕ ಸಿಗಸ್ತಾಳೋ ಬಲಕ್ಕೋ, ನಿರಿಗಿ ಅಗಲೋ ಸಣ್ಣವೋ, ಸೆರಗು ಎಲ್ಲಿಗೆ ಬಿಡ್ತಾಳ, ಅಷ್ಟೂ ಕಲ್ಕೊಂಡು ಗೊಂಬಿಗೆ ಹಂಗ ಉಡಸ್ತೈತಿ. ಅಳತಿ ಕೊಡಾಕ ನಾಚೂ ಹೆಣ್ಮಕ್ಕಳು ಎಷ್ಟ ಮಂದಿ ಅದಾರ್ರಿ. ಬಸುರಿ ಇರ್ಲಿ, ಬಾಣಂತಿ ಇರ್ಲಿ, ಸೀರಿ ಬದಲಾಗೂದಿಲ್ಲ, ಉಡೂ ಕೈ ಬದಲಾಗೂದಿಲ್ಲ.”

ರಾಯರು ಕನ್ನಡಕ ತೆಗೆದು ನನ್ನ ಕಡೆ ನೋಡಿದರು. “ಮಾತು ಚೆನ್ನಾಗಿದೆ. ಆದರೆ ಮೊದಲ ದಿನ ಕೊಟ್ಟದ್ದರಲ್ಲಿ ಇಲ್ಲದ್ದನ್ನು ಈಗ ಸೇರಿಸೋಕೆ ಬರಲ್ಲ. ಅರ್ಜಿಯಲ್ಲಿ ಇದೆಯೇನ್ರೀ ಇದು?”

ನಾನು ಅರ್ಜಿಯ ಜೊತೆಗಿದ್ದ ಚಿತ್ರಗಳನ್ನು ತೆರೆದೆ. ಒಂದರಲ್ಲಿ ಬರೀ ಉದ್ದನೆಯ ಆಯತ. ಮಡಿಕೆ ಬೀಳುವ ಕಡೆ ಬಾಣದ ಗುರುತು, ಒಂದು ಕೈ. ಮೊದಲ ಸಲ ನೋಡಿದಾಗ, ಚಿತ್ರ ಬಿಡಿಸಿದವರು ಬಟ್ಟೆಯನ್ನು ಅರ್ಧಕ್ಕೇ ಬಿಟ್ಟಿದ್ದಾರೆ ಎಂದುಕೊಂಡಿದ್ದೆ.

“ಇದೆ ಸಾರ್,” ಎಂದೆ. “ಹೊಲಿಗೆಯಿಲ್ಲದ ಬಟ್ಟೆ. ಮೊದಲ ದಿನದಿಂದಲೂ ಇದೆ.”

ಕಾರ್ತಿಕೇಯ ನನ್ನ ಕೈಯಿಂದ ಚಿತ್ರವನ್ನು ತೆಗೆದುಕೊಂಡು ಬಹಳ ಹೊತ್ತು ನೋಡಿದ. ಹೊರಗೆ ಹೋಗಿ ಫೋನಿನಲ್ಲಿ ಮಾತಾಡಿ ಬಂದ. ಹಿಂದಿರುಗಿದಾಗ ಅವನ ದನಿಯ ಬಿಗಿ ಹೋಗಿತ್ತು. “ಹೊಲಿದ ಬಟ್ಟೆಯನ್ನೆಲ್ಲ ಅರ್ಜಿಯಿಂದ ತೆಗೆದರೆ ನಮ್ಮ ತಕರಾರಿಲ್ಲ ಸರ್.”

ರಾಯರು ವಿಶಾಲಾಕ್ಷಿಗೆ ತಿಳಿಯುವಂತೆ ಹೇಳಿದರು. “ಅವರ ಮಾತಲ್ಲಿ ನ್ಯಾಯ ಇದೆಯಮ್ಮ. ಕುಪ್ಪಸ, ಲಂಗ, ಮಕ್ಕಳ ಅಂಗಿ ಎಲ್ಲಾ ಸೇರಿಸಿದ್ದೀರಿ. ಅದು ಅವರು ಮೊದಲೇ ಮಾಡಿದ್ದು. ಅದನ್ನ ಬಿಟ್ಟರೆ ಉಳಿದದ್ದು ನಿಮ್ಮದು. ಬಿಡಲ್ಲ ಅಂದರೆ ಇಡೀ ಅರ್ಜಿ ಹೋಗುತ್ತೆ.”

ಗೆದ್ದೆನೆಂದು ಅರಳಿದ್ದ ಆಕೆಯ ಮುಖ ಬಾಡಿತು.

“ನಮ್ಮ ತಂಗಿ ಕುಪ್ಪಸ ಹೊಲೀತಾಳ್ರಿ,” ಎಂದಳು. “ಅಂಗಡಿ ಇಬ್ಬರದೂ. ಆಕಿ ಕೆಲಸಾನೂ ಇದರಾಗ ಬರ್ಲಿ ಅಂತ ಹಾಕಿದ್ದೆ. ಆಕಿಗೆ ಏನಂತ ಹೇಳ್ಲಿ?”

ಸಮಾಧಾನದ ಮಾತೊಂದು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೆ ಆ ಕೋಣೆಯಲ್ಲಿ ಪರೀಕ್ಷಕಿ ಯಾರ ಅಕ್ಕನೂ ಅಲ್ಲ, ತಂಗಿಯೂ ಅಲ್ಲ. ಪೆನ್ನನ್ನು ಮಾತ್ರ ಆಕೆಯ ಕೈಗೆ ಸಿಗುವ ಹಾಗೆ ಇಟ್ಟೆ.

ಆಕೆ ಅರ್ಜಿಯಲ್ಲಿ ಒಂದೊಂದೇ ಪದ ಹೊಡೆದುಹಾಕುತ್ತ ಬಂದಳು. ಮಕ್ಕಳ ಅಂಗಿ ಹೋಯಿತು, ಲಂಗ ಹೋಯಿತು. ಕುಪ್ಪಸದ ಹತ್ತಿರ ಪೆನ್ನು ಕಾಗದಕ್ಕೆ ತಾಗಿ ಹಾಗೇ ನಿಂತು, ಅಲ್ಲೊಂದು ಶಾಯಿಯ ಚುಕ್ಕೆ ದೊಡ್ಡದಾಯಿತು. ಆಮೇಲೆ ಅದನ್ನೂ ಹೊಡೆದುಹಾಕಿದಳು. ‘ವೇರ್’ ಎಂದಿದ್ದ ಕಡೆಗಳಲ್ಲೆಲ್ಲ, ಹೊಲಿಯದ ಬಟ್ಟೆಯನ್ನು ಸುತ್ತಿ, ಮಡಿಸಿ, ಸಿಗಿಸುವುದು ಎಂಬ ಅರ್ಥ ಬರುವಂತೆ ಬರೆದು ಸಹಿ ಹಾಕಿದಳು.

“ಹಕ್ಕು ಕೊಡೋದಕ್ಕೆ ಇನ್ನು ಅಡ್ಡಿ ಇಲ್ಲ,” ಎಂದು ರಾಯರು ಎದ್ದು ಒಳಗೆ ಹೋದರು.

ಹಸಿರು ಬಟ್ಟೆ ಇನ್ನೂ ಕಾರ್ತಿಕೇಯನ ತೋಳಿನ ಮೇಲೆಯೇ ಇತ್ತು. ಅದನ್ನು ಮುದ್ದೆ ಮಾಡಿ ಮೇಜಿನ ಮೇಲೆ ಇಡಹೋದ.

“ಹಂಗಲ್ರಿ. ಆ ತುದಿ ನೀವು ಹಿಡೀರಿ,” ಎಂದಳು ವಿಶಾಲಾಕ್ಷಿ.

ಇಬ್ಬರೂ ಮೇಜಿನ ಆಚೆ ಈಚೆ ನಿಂತರು.

“ನಮ್ಮಜ್ಜಿ ಬಲಗಡೆ ಸೆರಗು ಹಾಕ್ತಿದ್ದರು,” ಎಂದ ಅವನು, ಬಟ್ಟೆಯ ಅಂಚನ್ನೇ ನೋಡುತ್ತ.

“ನಿಮ್ಮ ಕಂಪನಿ ಗೊಂಬಿಗೆ ಅದು ಬರ್ತೈತೇನ್ರಿ?”

“ಬರಲ್ಲ.”

ಆಕೆ ಮಣಿಕಟ್ಟನ್ನು ಒಮ್ಮೆ ಮೇಲಕ್ಕೆ ಕೊಡವಿದಳು. ನೋಡಿ ಅವನೂ ಕೊಡವಿದ. ಅವರಿಬ್ಬರ ನಡುವೆ ಬಟ್ಟೆ ಗಾಳಿ ತುಂಬಿಕೊಂಡು ಉಬ್ಬಿ ನಿಂತಿತು. ಆಮೇಲೆ ಸದ್ದಿಲ್ಲದೆ ಇಳಿಯುತ್ತ, ಮೊದಲು ನಡುವನ್ನು, ಆಮೇಲೆ ಮೂಲೆಗಳನ್ನು ಸವರಿಕೊಂಡು, ಮೇಜಿನ ಆಕಾರ ಹೇಗಿತ್ತೋ ತಾನೂ ಹಾಗೇ ಆಯಿತು.