ಮೂರನೇ ಮಹಡಿಯ ಕೇಬಲ್

ಸರ್ವರಿನ ಪರದೆಯ ಮೇಲೆ ಪ್ರಿಂಟಾಗಲು ಸಾಲುಗಟ್ಟಿ ನಿಂತಿದ್ದ ಪ್ರಶ್ನೆಪತ್ರಿಕೆಗಳಲ್ಲಿ ಒಂದೂ ಕದಲಲಿಲ್ಲ. ಲಾವಣ್ಯಾ ಎಲ್ಲವನ್ನೂ ಅಳಿಸಿ, ಸರ್ವರನ್ನು ನಿಲ್ಲಿಸಿ ಮತ್ತೆ ಶುರು ಮಾಡಿ, ಪತ್ರಿಕೆಯನ್ನು ಇನ್ನೊಮ್ಮೆ ಕಳಿಸಿದಳು. ಕಾರಿಡಾರಿನ ಆಚೆ ತುದಿಯಲ್ಲಿದ್ದ ದೊಡ್ಡ ಪ್ರಿಂಟರು ಎಚ್ಚೆತ್ತು ನಾಲ್ಕಾರು ಹಾಳೆ ಉಗುಳಿ ಸುಮ್ಮನಾಯಿತು.

"ನಿನ್ನೇನೂ ಹೀಗೇ ಆಯ್ತು," ಎಂದರು ಬಾಗಿಲಿಗೆ ಒರಗಿ ನಿಂತಿದ್ದ ಶ್ರೀವತ್ಸ. "ಬೆಳಗ್ಗೆ ಚೆನ್ನಾಗಿ ಬರುತ್ತೆ. ಮಧ್ಯಾಹ್ನ ಆಯ್ತು ಅಂದ್ರೆ ಸತ್ತ ಹಾಗೆ ಬಿದ್ಕೊಳ್ಳುತ್ತೆ."

ದೇಶದ ರಾಜಧಾನಿಯ ಮುಖರ್ಜಿ ನಗರದಲ್ಲಿದ್ದ ಆ ಕೋಚಿಂಗ್ ಸೆಂಟರಿನ ಆಡಳಿತವೆಲ್ಲ ಅವರದೇ. ಮೈಸೂರಿನಿಂದ ಐಎಎಸ್ ಪರೀಕ್ಷೆ ಬರೆಯಲು ಬಂದವರು, ಅವಕಾಶಗಳೆಲ್ಲ ಮುಗಿದ ಮೇಲೆ ಊರಿಗೆ ಮರಳಲು ಮುಖವಿಲ್ಲದೆ, ಓದಿದ ಸೆಂಟರಿನಲ್ಲೇ ಕೆಲಸಕ್ಕೆ ನಿಂತಿದ್ದರು. ಈಗ ಕಿವಿಯ ಪಕ್ಕದ ಕೂದಲು ಬೆಳ್ಳಗಾಗಿದೆ. ಲಾವಣ್ಯಾ ನೆಹರು ಪ್ಲೇಸಿನ ಸಣ್ಣ ಕಂಪನಿಯೊಂದರ ಪರವಾಗಿ ಕಚೇರಿಗಳನ್ನು ಸುತ್ತಿ ನೆಟ್‌ವರ್ಕ್ ರಿಪೇರಿ ಮಾಡುವವಳು. ಏನು ಕೆಟ್ಟರೂ ಶ್ರೀವತ್ಸ ಅವಳನ್ನೇ ಕರೆಸುತ್ತಿದ್ದರು. ಕಷ್ಟವನ್ನು ಕನ್ನಡದಲ್ಲಿ ಹೇಳಿಕೊಳ್ಳಬಹುದಲ್ಲ ಎನ್ನುವುದು ಅವರ ಸಮಾಧಾನ.

"ಮೂರು ಗಂಟೆಗೆ ಟೆಸ್ಟ್ ಇದೆ. ಹೊರಗಡೆ ಝೆರಾಕ್ಸ್ ಮಾಡಿಸೋಣ ಅಂದ್ರೆ ಪೇಪರ್ ಲೀಕ್ ಆಗುತ್ತೆ ಅಂತ ತ್ಯಾಗಿ ಸರ್ ಒಪ್ಪಲ್ಲ," ಎಂದರು. ತ್ಯಾಗಿ ಸೆಂಟರಿನ ಮಾಲೀಕ.

ಅವಳು ಲ್ಯಾಪ್‌ಟಾಪ್ ತೆರೆದು ಪ್ರಿಂಟರಿಗೆ ಒಂದೇ ಸಮನೆ ಸಂಕೇತ ಕಳಿಸತೊಡಗಿದಳು. ಉತ್ತರ ಬರುತ್ತಿತ್ತು, ತಡವಾಗುತ್ತಿತ್ತು, ಮತ್ತೆ ಬರುತ್ತಿತ್ತು. ಕೇಬಲಿನ ತುದಿಯ ಪಿನ್ನು ಬದಲಾಯಿಸಿದಳು. ನೆಟ್‌ವರ್ಕ್ ಸ್ವಿಚ್ಚಿನಲ್ಲಿ ಬೇರೆ ಜಾಗಕ್ಕೆ ಸಿಕ್ಕಿಸಿದಳು. ಅಷ್ಟರಲ್ಲಿ ಪಕ್ಕದ ಹಾಲಿನಲ್ಲಿ ಕುರ್ಚಿ ಎಳೆದ ಸದ್ದಾಯಿತು. ಏಸಿಗಳು ಗುಂಯ್ ಎಂದವು. ಸ್ವಲ್ಪ ಹೊತ್ತಿಗೆ ಉತ್ತರ ಪೂರ್ತಿ ನಿಂತುಹೋಯಿತು.

"ಸರ್, ಏಸಿ ಒಂದ್ಸಲ ಆಫ್ ಮಾಡ್ಸಿ."

ಶ್ರೀವತ್ಸ ಅನುಮಾನಿಸುತ್ತಲೇ ಹೋಗಿ ಆಫ್ ಮಾಡಿಸಿದರು. ತುಸು ಕಾದ ಮೇಲೆ ಪರದೆಯಲ್ಲಿ ಉತ್ತರಗಳು ಒಂದೊಂದಾಗಿ ಕಾಣಿಸಿಕೊಂಡವು. ಲಾವಣ್ಯಾ ತಲೆ ಎತ್ತಿ ಗಾಳಿ ಮೂಸಿದಳು. ಬಂದಾಗಿನಿಂದಲೂ ಕಾರಿಡಾರಿನಲ್ಲಿ ಹಳಸಿದ ಮೀನಿನಂಥ ವಾಸನೆಯಿತ್ತು. ಯಾರದೋ ಊಟದ ಡಬ್ಬಿ ಇರಬೇಕೆಂದುಕೊಂಡಿದ್ದಳು.

ಏಣಿ ಹತ್ತಿ ಚಾವಣಿಯ ಹಲಗೆಯೊಂದನ್ನು ಎತ್ತಿದಾಗ ಒಲೆಯ ಬಾಯಿ ತೆರೆದಂತೆ ಬಿಸಿಗಾಳಿ ಮುಖಕ್ಕೆ ಬಡಿಯಿತು. ನೆಟ್‌ವರ್ಕ್ ಕೇಬಲನ್ನು ಯಾರೋ ಏಸಿಗಳಿಗೆ ಹೋಗುವ ಕರೆಂಟಿನ ವೈರಿಗೆ ಸೇರಿಸಿ ಕಟ್ಟಿದ್ದರು. ಆ ವೈರಿನ ಜೋಡಣೆಯ ಬಳಿ ಸುತ್ತಿದ್ದ ಟೇಪು ಕರಗಿ ಇಳಿದಿತ್ತು. ಅದಕ್ಕೆ ತಾಗಿದ್ದ ಕೇಬಲಿನ ನೀಲಿ ಸಿಪ್ಪೆ, ಮುಟ್ಟಿದರೆ ಬೆಲ್ಲದ ಪಾಕದ ಹಾಗೆ ಬೆರಳಿಗೆ ಅಂಟಿತು. ಮೀನಿನ ವಾಸನೆ ಬರುತ್ತಿದ್ದದ್ದು ಅಲ್ಲಿಂದಲೇ.

"ಇದು ಪ್ರಿಂಟರಿನ ಸಮಸ್ಯೆ ಅಲ್ಲ ಸರ್. ಮೇಲೆ ವೈರು ಸುಡ್ತಾ ಇದೆ. ಈ ಮಹಡಿಯ ಮೇನ್ ಆಫ್ ಮಾಡ್ಬೇಕು."

ಶ್ರೀವತ್ಸ ಮೇಲೆ ನೋಡಿದರು, ಹಾಲಿನ ಕಡೆ ನೋಡಿದರು. ಫೋನು ಹಿಡಿದು ದೂರ ಹೋಗಿ ಹಿಂದಿಯಲ್ಲಿ ತಗ್ಗಿದ ದನಿಯಲ್ಲಿ ಮಾತಾಡಿ ಬಂದರು. "ಟೆಸ್ಟ್ ಮುಗೀಲಿ, ಸಂಜೆ ಎಲೆಕ್ಟ್ರಿಷಿಯನ್ನ ಕಳಿಸ್ತೀನಿ ಅಂದ್ರು ತ್ಯಾಗಿ ಸರ್. ನೀವು ಬೇರೆ ಕೇಬಲ್ ನೆಲದ ಮೇಲೇ ಎಳೆದುಬಿಡಿ."

"ಸರ್, ನಾನು ಹೇಳಿದ್ದು ಅವರಿಗೆ ಅರ್ಥ ಆಯ್ತಾ?"

"ಅಷ್ಟು ಮಾಡಿಕೊಡಿ ಲಾವಣ್ಯಾ. ನನ್ನ ಕೈಲಿ ಏನೂ ಇಲ್ಲ."

ಅವಳು ಮಾಡಿಕೊಟ್ಟಳು. ಗೋಡೆಯ ಬುಡಕ್ಕೆ ಹೊಸ ಕೇಬಲ್ ಹಾಸಿ ಟೇಪು ಅಂಟಿಸಿದಳು. ಪ್ರಿಂಟರು ತಡವರಿಸದೆ ಹಾಳೆ ಸುರಿಸತೊಡಗಿತು. ಹಾಲಿನಲ್ಲಿ ಮತ್ತೆ ಏಸಿ ಹಾಕಿದರು. ಶ್ರೀವತ್ಸ ಅವಳ ಮುಖ ನೋಡದೆ ಥ್ಯಾಂಕ್ಸ್ ಹೇಳಿದರು.

ಮೆಟ್ಟಿಲು ಇಳಿಯುವಾಗ ಹುಡುಗರು ಹುಡುಗಿಯರು ಹತ್ತಿ ಬರುತ್ತಿದ್ದರು. ಇಡೀ ಕಟ್ಟಡಕ್ಕೆ ಇದ್ದದ್ದು ಅದೊಂದೇ ಮೆಟ್ಟಿಲು. ಅದರ ಅರ್ಧ ಜಾಗವನ್ನು ನೀರಿನ ಕ್ಯಾನುಗಳೂ ಮುರಿದ ಕುರ್ಚಿಗಳೂ ಹಿಡಿದಿದ್ದವು. ಕಿಟಕಿಗೆ ಕಬ್ಬಿಣದ ಸರಳು. ಲಾವಣ್ಯಾ ಗೋಡೆಗೆ ಅಂಟಿ ನಿಂತು ದಾರಿ ಬಿಟ್ಟಳು. "ಸಾರಿ ದೀದಿ," ಎನ್ನುತ್ತ ಒಬ್ಬಳು ಹುಡುಗಿ ಬ್ಯಾಗನ್ನು ಎದೆಗವಚಿಕೊಂಡು ಹತ್ತಿಹೋದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬ. ಸಾಲು ಮುಗಿಯಲೇ ಇಲ್ಲ. ಹಣೆಯ ಬೆವರು ಒರೆಸಲು ಕೈ ಎತ್ತಿದಾಗ ಬೆರಳಿನಿಂದ ಅದೇ ಮೀನಿನ ವಾಸನೆ ಬಂತು. ಕೆಳಗೆ ಕಾಲಿಡಲು ಆಗಲಿಲ್ಲ. ತಿರುಗಿ, ಹುಡುಗರ ಜೊತೆಯಲ್ಲೇ ಮೇಲೆ ಹತ್ತಿದಳು.

ಕಾರಿಡಾರಿನ ಚಾವಣಿಯಲ್ಲಿ ಹಪ್ಪಳದಷ್ಟು ಅಗಲದ ಕಂದು ಕಲೆ ಮೂಡಿತ್ತು. ಬೇರೆಯವರ ಮೇನ್ ಸ್ವಿಚ್ಚನ್ನು ಅವಳು ಎಂದೂ ಮುಟ್ಟಿದವಳಲ್ಲ. ಯಾರನ್ನೂ ಕೇಳದೆ ಪೆಟ್ಟಿಗೆ ತೆರೆದು ಹಿಡಿ ಕೆಳಗೆಳೆದಳು.

ಕತ್ತಲಾಯಿತು. ಪ್ರಿಂಟರು ಅರ್ಧ ಹಾಳೆಯನ್ನು ಬಾಯಲ್ಲಿಟ್ಟುಕೊಂಡು ನಿಂತಿತು. ಶ್ರೀವತ್ಸ ಓಡಿ ಬಂದರು.

"ಏನು ಮಾಡಿದ್ರಿ? ನನ್ನ ಕೆಲಸ ಹೋಗುತ್ತೆ."

"ಸ್ವಲ್ಪ ಸುಮ್ನಿರಿ ಸರ್. ಕೇಳಿಸ್ಕೊಳ್ಳಿ."

ಯಂತ್ರಗಳ ಸದ್ದೆಲ್ಲ ಅಡಗಿದ ಮೇಲೆ ತಲೆಯ ಮೇಲೆ ಒಗ್ಗರಣೆ ಸಿಡಿದ ಹಾಗೆ ಸಣ್ಣಗೆ ಚಟಪಟ ಕೇಳಿಸಿತು. ಹಲಗೆಯ ಸಂದಿಯಿಂದ ತೆಳ್ಳಗೆ ಹೊಗೆ ಇಳಿಯಿತು.

ಶ್ರೀವತ್ಸ ಹೊಗೆಯತ್ತ ಕತ್ತೆತ್ತಿ ನೋಡಿದರು. ಆಮೇಲೆ ಹಾಲಿಗೆ ಹೋಗಿ, ಎಂದಿನ ದನಿಯಲ್ಲೇ, ಬ್ಯಾಗು ಅಲ್ಲೇ ಬಿಟ್ಟು ಸಾಲಾಗಿ ಕೆಳಗಿಳಿಯಿರಿ, ತಳ್ಳಬೇಡಿ ಎಂದು ಹಿಂದಿಯಲ್ಲಿ ಹೇಳಿದರು.

"ಸರ್, ಎಕ್ಸ್‌ಟ್ರಾ ಟೈಮ್ ಮಿಲೇಗಾ?" ಎಂದ ಒಬ್ಬ, ಕಳೆದ ಹೊತ್ತು ಮರಳಿ ಸಿಗುತ್ತದೋ ಇಲ್ಲವೋ ಎಂಬ ಆತಂಕದಲ್ಲಿ.

"ಮಿಲೇಗಾ," ಎಂದರು. ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಅವರು ಅದನ್ನು ತೆಗೆಯಲಿಲ್ಲ. ಮೆಟ್ಟಿಲಿನ ಕ್ಯಾನುಗಳನ್ನು ಕಾಲಿನಿಂದಲೇ ಬದಿಗೊತ್ತಿದರು. ಕೊನೆಯ ಹುಡುಗಿ ಇಳಿದ ಮೇಲೆ ಲಾವಣ್ಯಾಳಿಗೆ, "ನೀವೂ ಹೋಗಿ," ಎಂದು ಗೋಡೆಯ ಮೇಲಿದ್ದ ಬೆಂಕಿ ನಂದಿಸುವ ಸಿಲಿಂಡರನ್ನು ಕಿತ್ತುಕೊಂಡರು.

ಅವರು ಕೆಳಗೆ ಬಂದಾಗ ತಲೆ, ಅಂಗಿಯೆಲ್ಲ ಬಿಳಿ ಪುಡಿಯಾಗಿತ್ತು. ಕೈಯಲ್ಲಿ ಅಚ್ಚಾದ ಪ್ರಶ್ನೆಪತ್ರಿಕೆಗಳ ಕಟ್ಟಿತ್ತು. ಯಾಕೆ ತಂದಿರೆಂದು ಅವಳು ಕೇಳಿದ್ದಕ್ಕೆ, "ಗೊತ್ತಿಲ್ಲ, ಕೈಗೆ ಬಂತು," ಎಂದರು. ತಲೆಯ ಪುಡಿ ಕೊಡವಿಕೊಂಡರು. "ಆರಿತು. ಆರಿದ ಹಾಗಿದೆ."

ತ್ಯಾಗಿಯ ಕಾರು ಬಂತು. ಬೈಗುಳಕ್ಕೆ ಸಿದ್ಧರಾಗಿ ಶ್ರೀವತ್ಸ ಬೆನ್ನು ನೆಟ್ಟಗೆ ಮಾಡಿ ನಿಂತರು. ತ್ಯಾಗಿ ಮೇಲೆ ಹೋಗಿ ನೋಡಿ, ಕರವಸ್ತ್ರದಿಂದ ಮುಖ ಒರೆಸಿಕೊಳ್ಳುತ್ತ ಇಳಿದು ಬಂದು ಬಚಾವಾದೆವು, ಹೋಗಲಿ ಬಿಡಿ ಎಂಬಂತೆ ಅವರ ಹೆಗಲು ತಟ್ಟಿದ. "ಬಚ್ ಗಯೇ. ಚಲೋ, ಕೋಯಿ ಬಾತ್ ನಹೀ." ಎದುರು ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಹಾಲು ಖಾಲಿ ಇದೆ, ಅದರ ಮಾಲೀಕನ ಜೊತೆ ಮಾತಾಡಿ ಆಗಿದೆ, ಟೆಸ್ಟ್ ಅಲ್ಲೇ ನಡೆಯಲಿ ಎಂದ.

"ಅಲ್ಲಿನ ವೈರಿಂಗ್ ಯಾರಾದ್ರೂ ನೋಡಿದಾರಾ?" ಎಂದು ಲಾವಣ್ಯಾ ಹಿಂದಿಯಲ್ಲಿ ಕೇಳಿದಳು.

"ನಮ್ಮ ಎಲೆಕ್ಟ್ರಿಷಿಯನ್ನೇ ಮಾಡಿದ್ದು ಮೇಡಂ. ಚಿಂತೆ ಬೇಡ," ಎಂದ ತ್ಯಾಗಿ. ಮಾತಿನಲ್ಲಿ ಕೋಪವಿರಲಿಲ್ಲ. ಶ್ರೀವತ್ಸರ ಕೈಯಲ್ಲಿದ್ದ ಪತ್ರಿಕೆಗಳ ಕಟ್ಟಿನತ್ತ ಕೈಚಾಚಿದ. ಅವರು ಕೊಡಲಿಲ್ಲ. ತ್ಯಾಗಿ ಮೆಲ್ಲಗೆ, ಮಗುವಿನ ಕೈಯಿಂದ ಏನನ್ನೋ ಬಿಡಿಸುವಂತೆ, ಅದನ್ನು ಬಿಡಿಸಿಕೊಂಡ.

ಹುಡುಗರು ಗಲ್ಲಿ ದಾಟತೊಡಗಿದರು. ಸಾರಿ ಹೇಳಿದ್ದ ಹುಡುಗಿಯ ತೋಳು ಹಿಡಿದು ಲಾವಣ್ಯಾ, "ಇವತ್ತು ಬೇಡ, ರೂಮಿಗೆ ಹೋಗು," ಎಂದಳು.

"ಸಂಜೆ ರ‍್ಯಾಂಕ್ ಹಾಕ್ತಾರೆ ದೀದಿ," ಎಂದು ಹುಡುಗಿ ಹಿಂದಿಯಲ್ಲಿ ಹೇಳಿ, ತೋಳು ಬಿಡಿಸಿಕೊಂಡು ಹೋದಳು.

ಎದುರಿನ ಕಟ್ಟಡದ ಬಾಗಿಲು ಒಬ್ಬರು ನುಗ್ಗುವಷ್ಟೇ ಅಗಲವಿತ್ತು. ಸಾಲು ಅದರೊಳಗೆ ಕರಗುತ್ತ ಹೋಯಿತು. ಶ್ರೀವತ್ಸ ರಸ್ತೆ ದಾಟಲಿಲ್ಲ. ಮುಚ್ಚಿದ್ದ ಪುಸ್ತಕದಂಗಡಿಯೊಂದರ ಕಟ್ಟೆಯ ಮೇಲೆ ಕುಳಿತರು. ಲಾವಣ್ಯಾಳೂ ಪಕ್ಕದಲ್ಲಿ ಕುಳಿತಳು.

ನಾಲ್ಕನೇ ಮಹಡಿಯ ಕಿಟಕಿಗಳನ್ನು ಯಾರೋ ಒಳಗಿನಿಂದ ಮುಚ್ಚಿದರು. ಹೊರಗೋಡೆಗೆ ತೂಗುಹಾಕಿದ್ದ ಏಸಿ ಪೆಟ್ಟಿಗೆಗಳಲ್ಲಿ ಮೊದಲನೆಯದರ ರೆಕ್ಕೆ ನಿಧಾನವಾಗಿ ತಿರುಗತೊಡಗಿತು, ಆಮೇಲೆ ಅದರ ಪಕ್ಕದ್ದು.