ಔಷಧ ಬಿದ್ದ ಕರಿಬೇವು

ಕೊಕಟನೂರಿನ ಹೊಳೆವ್ವನಿಗೆ ಇದ್ದದ್ದು ಅರ್ಧ ಎಕರೆ ಹೊಲ, ನಾಲ್ಕು ಆಡು, ಬದುವಿನುದ್ದಕ್ಕೂ ತಾನೇ ನೆಟ್ಟು ಬೆಳೆಸಿದ ಮೂವತ್ತು ಕರಿಬೇವಿನ ಗಿಡ. ಬದುವಿನಾಚೆ ಮುರಗೆಪ್ಪನ ದ್ರಾಕ್ಷಿ ತೋಟ. ಮಿರಜ ಪೇಟೆಗೆ ಸೊಪ್ಪು ಒಯ್ಯುವ ಸಮಾಧಾನ ಎಂಬ ವ್ಯಾಪಾರಿ ವಾರಕ್ಕೆರಡು ಸಲ ಬೈಕಿನಲ್ಲಿ ಬಂದು ಎಲೆ ಕಟ್ಟಿಕೊಂಡು ಹೋಗುತ್ತಿದ್ದ.

ಒಂದು ಗುರುವಾರ ಮುಂಜಾನೆ ಗಾಳಿ ಜೋರಿತ್ತು. ಮುರಗೆಪ್ಪನ ಟ್ರ್ಯಾಕ್ಟರು ದ್ರಾಕ್ಷಿಗೆ ಸಿಂಪಡಿಸುತ್ತಿದ್ದ ಔಷಧ ಬದು ದಾಟಿ ಬಂತು. ಹೊಳೆವ್ವ ಓಡಿಹೋಗಿ ನೋಡುವಷ್ಟರಲ್ಲಿ ಎಲೆಗಳ ಮೇಲೆಲ್ಲ ಬಿಳಿ ಚುಕ್ಕೆ. ಒಂದನ್ನು ಹೊಸಕಿ ಮೂಸಿದಳು. ಘಮದೊಳಗೆ ಬೇರೆಯದೇ ವಾಸನೆ.

ಅಷ್ಟರಲ್ಲಿ ಸಮಾಧಾನ ಬಂದ.

"ಇವತ್ತ ಇಲ್ಲಪಾ. ಔಷಧ ಬಿದ್ದೈತಿ," ಎಂದಳು.

"ನೀರಾಗ ತೊಳದ ಕೊಡ ಬೇ ಆಯಿ. ಯಾರಿಗಿ ತಿಳಿತೈತಿ?"

"ನನಗ ತಿಳಿತೈತಲ್ಲ! ನನ್ನ ಆಡಿಗೇ ಹಾಕೂದಿಲ್ಲ ನಾ ಇದನ್ನ. ಮಂದಿ ಒಗ್ಗರಣಿಗಿ ಹೆಂಗ ಕೊಡ್ಲಿ?"

"ಹಂಗಾದ್ರ ನಾ ಬ್ಯಾರೆ ಕಡೆ ನೋಡ್ಕೋತೀನಿ," ಎಂದು ಅವನು ಮುಖ ಊದಿಸಿಕೊಂಡು ಹೋದ.

ಹೊಳೆವ್ವ ಕುಡುಗೋಲು ಹಿಡಿದಳು. ಮೊದಲ ಗಿಡಕ್ಕೆ ಕೈ ಏಳಲಿಲ್ಲ. ಆಮೇಲೆ ಹಲ್ಲು ಕಚ್ಚಿ ಮೂವತ್ತನ್ನೂ ಮೊಣಕಾಲೆತ್ತರಕ್ಕೆ ಸವರಿ, ಆಡುಗಳ ಬಾಯಿಗೆ ಸಿಗದಂತೆ ಎಲೆಯನ್ನೆಲ್ಲ ಕುಣಿ ತೋಡಿ ಮುಚ್ಚಿದಳು.

ಸಂಜೆ ತೋಟಕ್ಕೆ ಬಂದ ಮುರಗೆಪ್ಪ ಬೋಳು ಗಿಡ ಕಂಡು ಬೆಚ್ಚಿದ. "ಯಾಕ ಹೊಳೆವ್ವಾ, ಏನಾತು?"

ಅವಳು ಹೇಳಿದಳು. ಅವನು ತಲೆ ತಗ್ಗಿಸಿದ. "ತಪ್ಪಾತು. ನಾ ಏನ ತುಂಬಿ ಕೊಡ್ಲಿ ಹೇಳು."

"ಏನೂ ಬ್ಯಾಡ್ರಿ ಸಾವಕಾರ್ರ. ಹೊಡಿಯೂ ಮುಂಚೆ ಒಂದ ಮಾತ ತಿಳಸ್ರಿ. ಗಾಳಿ ಜೋರ ಇದ್ದಾಗ ಹೊಡಿಬ್ಯಾಡ್ರಿ."

ಮೂರನೆಯ ದಿನ ಅವನೇ ಬಂದು ಬದುವಿನುದ್ದಕ್ಕೂ ಕಂಬ ನೆಟ್ಟು ಹಸಿರು ಪರದೆ ಕಟ್ಟಿಸಿದ. ಕೊನೆಯ ಕಂಬದ ಬುಡಕ್ಕೆ ಮಣ್ಣು ತುಂಬಿ ತುಳಿದವಳು ಹೊಳೆವ್ವ.

ಗಿಡ ಮತ್ತೆ ಎಲೆ ತುಂಬಿಕೊಳ್ಳಲು ಹಿಡಿದ ಒಂದೂವರೆ ತಿಂಗಳು ಅವಳು ಆಡಿನ ಹಾಲು ಮಾರಿ ಸಂಸಾರ ತೂಗಿಸಿದಳು. ದಿನಾ ಬೆಳಗಾದರೆ ಗಿಡಗಳ ಹತ್ತಿರ ಕೂತು ನೋಡುತ್ತಿದ್ದಳು. ಹದಿನೈದು ದಿನಕ್ಕೆ ಕೆಂಪಗಿನ ಚಿಗುರು ಇಣುಕಿತು. ಆಮೇಲೆ ತಡವಾಗಲಿಲ್ಲ; ಒಂದೊಂದು ಬುಡಕ್ಕೂ ಐದಾರು ಕೊಂಬೆ, ಮೊದಲಿಗಿಂತ ದಟ್ಟ.

ಒಂದು ಬೆಳಿಗ್ಗೆ ಸಮಾಧಾನನ ಬೈಕು ನಿಂತಿತು.

"ಆಯಿ, ಔಷಧ ಬಿದ್ದೈತಂತ ನೀ ಎಲಿ ಕೊಡಲಿಲ್ಲಂತ ಮಿರಜದಾಗ ಖಾನಾವಳಿ ನಡಸೂ ಹೆಣ್ಮಗಳ ಮುಂದ ಬೈಕೋತ ಹೇಳಿದ್ದೆ. ಆಕಿ ನನಗೇ ಬೈದ್ಲು. ಆ ಅಜ್ಜಿದ ಇದ್ರ ತಾ, ಇಲ್ಲಂದ್ರ ಬರಬ್ಯಾಡ ಅಂದ್ಲು."

ಹೊಳೆವ್ವನಿಗೆ ನಗು ತಡೆಯಲಾಗಲಿಲ್ಲ.

"ಹಂಗಾದ್ರ ಬೈಕ ಬಂದ್ ಮಾಡು. ಇಬ್ಬನಿ ಆರಲಿ, ಕೂಡ್ಕೊಂಡ ಕಟ್ಟೂಣು."