ಕೆಳರೆಪ್ಪೆ

ಹೇಳಿಬಿಡಲೇ? ಹೇಳಿದರೆ ಹೆಂಡತಿ ಅಳುತ್ತಾಳೋ, ನಿಟ್ಟುಸಿರು ಬಿಡುತ್ತಾಳೋ, ಇಲ್ಲಾ ಮುಖ ತಿರುಗಿಸಿಕೊಳ್ಳುತ್ತಾಳೋ? ಹೆಬ್ಬಾಳದ ಆಸ್ಪತ್ರೆಯಿಂದ ಆರ್.ಟಿ. ನಗರಕ್ಕೆ ವಾಪಸು ಬರುವ ಬಸ್ಸಿನಲ್ಲಿ ಗಯಾಸ್ ರಕ್ತಪರೀಕ್ಷೆಯ ವರದಿಯನ್ನು ಮಡಚಿ ಮಡಚಿ ಅಂಗೈಯಗಲ ಮಾಡಿದ್ದ.

ಮಗಳು ಹುಟ್ಟಿ ಮೂರು ತಿಂಗಳು. ಪುಟ್ಟ ದವಡೆ, ಕೆನ್ನೆಯ ಮೂಳೆ ಇಲ್ಲದ ಮುಖ, ಕೆಳಕ್ಕೆ ಜಾರಿದ ಕಣ್ಣು, ಮುದುಡಿದ ಕಿವಿ. ಉಸಿರು ಕಟ್ಟದಿರಲೆಂದು ನರ್ಸುಗಳು ವಾರಗಟ್ಟಲೆ ಬೋರಲು ಮಲಗಿಸಿ, ಮೂಗಿನ ನಳಿಕೆಯಲ್ಲಿ ಹಾಲು ಕೊಟ್ಟು ಉಳಿಸಿಕೊಂಡಿದ್ದರು.

"ಟ್ರೀಚರ್ ಕಾಲಿನ್ಸ್ ಅಂತಾರೆ," ಎಂದಿದ್ದರು ಡಾಕ್ಟರ್ ಇಂದು ಮೇಡಂ. "ಮುಖದ ಮೂಳೆ ಸರಿಯಾಗಿ ಬೆಳೆಯಲ್ಲ, ಬುದ್ಧಿಗೇನೂ ತೊಂದ್ರೆ ಇಲ್ಲ. ತಲೆಗೊಂದು ಬ್ಯಾಂಡ್ ಕಟ್ಟಿ ಕಿವಿ ಕೇಳ್ಸೋ ಹಾಗೆ ಮಾಡ್ತೀವಿ. ದವಡೆ ಆಪರೇಷನ್ ಆಮೇಲೆ ನೋಡೋಣ. ಈ ಜೀನ್ ನಿಮ್ಮಲ್ಲೂ ಇದೆ, ಲೈಟಾಗಿ. ಎಲ್ಲಿ, ಕನ್ನಡಕ ತೆಗೀರಿ?"

ತೆಗೆದ. ಕೆಳರೆಪ್ಪೆಯ ಅಂಚಿನಲ್ಲಿ ಕೂದಲಿಲ್ಲದ ಸಣ್ಣದೊಂದು ಕಚ್ಚು. ಕನ್ನಡಕದಂಗಡಿಯಲ್ಲಿ ದಿನವಿಡೀ ಕಂಡವರ ಮುಖಕ್ಕೆ ಫ್ರೇಮು ಕೂರಿಸುವವನು ಅವನು. ತನ್ನ ಚಪ್ಪಟೆ ಕೆನ್ನೆಯ ಮೇಲೆ ಯಾವ ಫ್ರೇಮೂ ಸರಿಯಾಗಿ ನಿಲ್ಲದೆ ಜಾರುತ್ತದೆಂದು ಅವನಿಗೆ ಗೊತ್ತಿತ್ತು. ಮಗುವನ್ನು ಮೊದಲ ಸಲ ಎತ್ತಿಕೊಂಡಾಗಲೇ ಅದರ ರೆಪ್ಪೆಯಲ್ಲೂ ಅದೇ ಕಚ್ಚು ಕಂಡಿತ್ತು.

"ಯಾರ ತಪ್ಪೂ ಅಲ್ಲ ಕಣ್ರೀ. ಆದ್ರೆ ಇನ್ನೊಂದ್ ಮಗುಗೂ ಅರ್ಧಕ್ಕರ್ಧ ಚಾನ್ಸ್ ಇರತ್ತೆ. ಮಿಸೆಸ್‌ನ ಕರ್ಕೊಂಡ್ ಬನ್ನಿ, ನಾನೇ ಹೇಳ್ತೀನಿ."

"ಬೇಡ ಮೇಡಂ. ನಾನೇ ಹೇಳ್ತೀನಿ."

ಮನೆಯ ಬಾಗಿಲಲ್ಲೇ ತಾಯಿ ಮಲ್ಕಾ ಹಿಡಿದುಕೊಂಡರು. "ಏನಂದ್ರು ಬೇಟಾ? ಗ್ರಹಣದ ಹೊತ್ತಲ್ಲಿ ಇವಳು ಬಸುರೀಲಿ ನಿಂಬೆಹಣ್ಣು ಕುಯ್ದಿದ್ದು ಆ ರಕ್ತದ ಪರೀಕ್ಷೇಲಿ ಕಾಣಿಸ್ತಂತಾ?"

ಒಳಗೆ ಹೆಂಡತಿ ತರನ್ನುಮ್ ಮಗುವನ್ನು ಹೆಗಲಿಗೆ ಹಾಕಿಕೊಂಡು ಕೊತ್ತಂಬರಿಯನ್ನು ಬೆರಳಲ್ಲೇ ಹರಿಯುತ್ತಿದ್ದಳು. ಹೆರಿಗೆಯಾದಾಗಿನಿಂದ ಅವಳು ಚಾಕು ಮುಟ್ಟಿರಲಿಲ್ಲ.

"ನಿಜ ಹೇಳಿ," ಎಂದಳು ಮೆಲ್ಲಗೆ. "ನಾನು ಅವತ್ತು ಕುಯ್ದಿದ್ದಕ್ಕೇ ಅಲ್ವಾ?"

"ಯಾರ ತಪ್ಪೂ ಅಲ್ಲ ಅಂದ್ರು."

"ಅವರು ಎಲ್ರಿಗೂ ಹಾಗೇ ಅಂತಾರೆ." ಅವಳು ಅವನ ಮುಖವನ್ನೇ ನೋಡುತ್ತ ಕಾದಳು. ಅವನು ಕನ್ನಡಕ ಮೇಲಕ್ಕೆ ತಳ್ಳಿ, ನೀರು ಕುಡಿದು, ಅಂಗಡಿಗೆ ಹೊತ್ತಾಯಿತೆಂದು ಹೊರಟ.

ಬ್ಯಾಂಡ್ ಬಂತು. ಮಗಳು ತಾಯಿಯ ದನಿಗೆ ತಿರುಗಿ ನೋಡಿದ ದಿನ ತರನ್ನುಮ್ ನಕ್ಕಳು. ಎರಡು ವರ್ಷ ಕಳೆದ ಮೇಲೆ, ಇನ್ನೊಂದು ಮಗು ಬೇಡ, ನನ್ನ ಕೈಯೇ ಸರಿಯಿಲ್ಲ ಎಂದಳು. ಅವನು ಹೂಂ ಎಂದ. ಮಗಳಿಗೆ ಆ ಮುಖ ತನ್ನಿಂದ ಬಂದದ್ದೆಂದು ಅವನು ಹೆಂಡತಿಗೆ ಎಂದೂ ಹೇಳಲಿಲ್ಲ.